ಮೂರು ಮೊಳದ ಗೋರಿ

"ಮೂರು ಮೊಳ," ಎಂದ ಅಡವಿಯಪ್ಪ.

ಗೋರಿಯ ಅಂಚಿಗೆ ಮೊಣಕೈ ಊರಿ, ನಡುಬೆರಳು ಮುಟ್ಟಿದ ಕಡೆ ಇದ್ದಿಲಿನಿಂದ ಗೀರು ಎಳೆದು, ಆ ಗೀರಿನಿಂದ ಮತ್ತೆ ಮೊಣಕೈ ಊರುತ್ತ ಅವನು ನಾಲ್ಕು ಕಡೆಯನ್ನೂ ಅಳೆದಿದ್ದ. ಉದ್ದವೂ ಮೂರು ಮೊಳ, ಅಗಲವೂ ಮೂರು ಮೊಳ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಮ್ಮಿಯಿಲ್ಲ.

ಸಬ್ ಇನ್ಸ್‌ಪೆಕ್ಟರ್ ಮಾಲಿನಿ ಮಂಟಪದ ಕಂಬಕ್ಕೆ ಒರಗಿ ಗಡಿಯಾರ ನೋಡಿಕೊಂಡಳು. ಭಾನುವಾರ, ಮಧ್ಯಾಹ್ನ ಮೂರು ದಾಟಿತ್ತು. ಹುತ್ರಿದುರ್ಗದ ಬಂಡೆಯ ನೆರಳು ಬಂಗ್ಲೆಪಾಳ್ಯದ ಹೊಲಗಳ ಮೇಲೆ ಮೆಲ್ಲಗೆ ಜಾರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಇದೇ ಗೋರಿಯ ಮೆಟ್ಟಿಲ ಬುಡದಲ್ಲಿ ಗುಬ್ಬಿಯ ಚನ್ನವೀರಯ್ಯ ಮೇಷ್ಟ್ರು ಹಿಂದಲೆ ಒಡೆದು ಹೆಣವಾಗಿ ಸಿಕ್ಕಿದ್ದರು. ಅವರ ಮಣ್ಣು ಮುಗಿದ ಮರುದಿನ, ಅಂದರೆ ಇವತ್ತು ಬೆಳಿಗ್ಗೆ, ಗೋರಿಗೆ ದೀಪ ಹಚ್ಚುವ ಕಾಳಯ್ಯ ತಾನಾಗಿಯೇ ಠಾಣೆಗೆ ನಡೆದು ಬಂದು, ಕೊಂದವನು ನಾನು ಎಂದಿದ್ದ.

ಯಾತರಿಂದ ಹೊಡೆದೆ ಎಂದು ಮಾಲಿನಿ ಕೇಳಿದ್ದಳು. ಹೊಡೆಯಲಿಲ್ಲ ಎಂದಿದ್ದ. ತಳ್ಳಿದೆಯಾ ಎಂದರೆ ಮುಟ್ಟಲೇ ಇಲ್ಲ ಎಂದಿದ್ದ. ಮತ್ತೆ ಹೇಗೆ ಕೊಂದೆ ಎಂದು ಮೇಜು ಕುಟ್ಟಿದಾಗ ಮುದುಕ ತಲೆ ತಗ್ಗಿಸಿ ಹೇಳಿದ್ದು ಒಂದೇ ಮಾತು.

"ಬಾಯಿಂದ ಕೊಂದೆ ತಾಯಿ."

ಅಷ್ಟು ಬಿಟ್ಟು ಮಧ್ಯಾಹ್ನದವರೆಗೂ ಇನ್ನೊಂದು ಮಾತಿಲ್ಲ. ನಾಳೆ ಹನ್ನೊಂದು ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪೊಲೀಸರ ಎದುರು ಒಪ್ಪಿಕೊಂಡದ್ದು ನೀರ ಮೇಲಿನ ಗೀರು, ಮ್ಯಾಜಿಸ್ಟ್ರೇಟರ ಎದುರು ಒಪ್ಪಿಕೊಂಡದ್ದು ಕಲ್ಲ ಮೇಲಿನ ಗೀರು. ತುಮಕೂರಿನ ಕೋರ್ಟಿನಲ್ಲಿ ಮೂವತ್ತೆಂಟು ವರ್ಷ ದಫೇದಾರನಾಗಿದ್ದ ಅಡವಿಯಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇಷ್ಟ್ರ ಹಳೆಯ ಗೆಳೆಯನೆಂದು ಮಾಲಿನಿಯೇ ಅವನನ್ನು ಕರೆಸಿಕೊಂಡಿದ್ದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ಅವನು. ಆದರೆ ಕೋರ್ಟಿನ ಬಾಗಿಲಲ್ಲಿ ನಿಂತು ತಾನು ಕೂಗಿದ ಹೆಸರುಗಳಲ್ಲಿ ಒಂದನ್ನೂ ಮರೆತವನಲ್ಲ.

ಅವುಗಳಲ್ಲಿ ಒಂದು ಹೆಸರು ಈಗಲೂ ಅವನ ನಿದ್ದೆ ಕೆಡಿಸುತ್ತಿತ್ತು. ರಾಮಾಂಜಿನಯ್ಯ. ಮಾಡದ ಕೊಲೆಯನ್ನು ದೇವರ ಭಯಕ್ಕೆ ಒಪ್ಪಿಕೊಂಡ ಮನುಷ್ಯ. ಜೈಲಿನಲ್ಲಿ ಸತ್ತ. ನಿಜವಾಗಿ ಕೊಂದವನು ಸಿಕ್ಕಿದ್ದು ಅವನ ವರ್ಷಾಬ್ದಿಯೂ ಕಳೆದ ಮೇಲೆ. ಅವತ್ತು ಅವನನ್ನು ಮೂರು ಸಲ ಕೂಗಿ ಒಳಗೆ ಕರೆದದ್ದು ಅಡವಿಯಪ್ಪನ ಗಂಟಲೇ. ಕಾಳಯ್ಯನ ಮುಖದಲ್ಲಿ ಇವತ್ತು ಬೆಳಿಗ್ಗೆ ಅವನು ಕಂಡದ್ದು ಅದೇ ಕಳೆ. ಒಪ್ಪಿಕೊಂಡರೆ ಹಗುರಾಗುತ್ತೇನೆ ಎನ್ನುವವರ ಮುಖದ ಕಳೆ.

"ಮೂರು ಮೊಳ ಆದ್ರೆ ಏನೀಗ ತಾತ?" ಎಂದಳು ಮಾಲಿನಿ. ಅವಳ ತಾಯಿ ಅದೇ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು. ಮಗು ಮಾಲಿನಿ ದಫೇದಾರ ತಾತನ ರುಮಾಲು ಎಳೆದು ಆಡಿದವಳು.

ಅಡವಿಯಪ್ಪ ಕೈ ಒರೆಸಿಕೊಂಡು ಎದುರಿನ ಪಾಳು ಬಂಗಲೆ ತೋರಿಸಿದ. ಸೂರು ಬಿದ್ದು ಹೋಗಿತ್ತು, ಬಾಗಿಲಿನ ಕಲ್ಲಿನ ಚೌಕಟ್ಟು ಮಾತ್ರ ನಿಂತಿತ್ತು. ಸುತ್ತಲ ಹಳ್ಳಿಗಳಲ್ಲಿ ಅಷ್ಟು ಎತ್ತರದ ಬಾಗಿಲು ಇನ್ನೊಂದಿಲ್ಲ. ಅದನ್ನು ಕಟ್ಟಿಸಿದ, ಈ ಗೋರಿಯಲ್ಲಿ ಮಲಗಿದ್ದಾನೆಂದು ಊರು ನಂಬಿದ್ದ ಇಂಗ್ಲಿಷ್ ದೊರೆ ಆರಡಿಯ ಮೇಲೆ ಮೂರು ಅಂಗುಲ ಇದ್ದನೆಂದು ಮೇಷ್ಟ್ರು ಬರೆದಿಟ್ಟಿದ್ದರು.

"ಅಂಥೋನು ನಾಲ್ಕು ಮೊಳಕ್ಕೂ ಮಿಕ್ಕವ್ನೆ. ಮೂರು ಮೊಳದಲ್ಲಿ ಹೆಂಗೆ ಮಲಗ್ತಾನೆ?"

"ಕಾಲು ಮಡಿಸಿ ಇಟ್ಟಿರ್ಬೋದು."

"ಕಾಲು ಮಡಿಸ್ಕೊಂಡು ಕೂತ್ಕೊಳೋರು ಬೇರೆ ಜನ ಕಣಮ್ಮ."

ಮಾಲಿನಿ ಕಂಬದಿಂದ ಬೆನ್ನು ಕಿತ್ತಳು.

ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗುಣಿಯಲ್ಲಿ ಪದ್ಮಾಸನ ಹಾಕಿ ಕೂರಿಸುತ್ತಾರೆ, ಮೇಲೆ ಚೌಕದ ಕಟ್ಟೆ ಕಟ್ಟುತ್ತಾರೆ. ಬಂಗ್ಲೆಪಾಳ್ಯದ ತೋಟಗಳಲ್ಲೆಲ್ಲ ಹಿರಿಯರ ಗದ್ದುಗೆಗಳು ಹೀಗೇ ಚೌಕವಾಗಿವೆ. ಆದ್ದರಿಂದಲೇ ಊರಿನವರು ತಲೆತಲಾಂತರದಿಂದ ದೊರೆಯ ಗೋರಿಯನ್ನು ದಿನಾ ನೋಡಿಯೂ ಕಾಣದೆ ಹೋಗಿದ್ದರು. ಪರದೇಶದವರು ನೋಡಿದ್ದರೆ ಒಂದೇ ನೋಟಕ್ಕೆ ಇದೇನು ಎಂದು ಕೇಳುತ್ತಿದ್ದರು. ಇವರ ಕಣ್ಣಿಗೆ ಗೋರಿಯೆಂದರೆ ಇಷ್ಟೇ, ಹೀಗೇ.

ಬಿಸಿಲಿದ್ದರೂ ಮಂಟಪದೊಳಗೆ ತಣ್ಣಗಿತ್ತು. ಅಡವಿಯಪ್ಪನಿಗೆ ಬೆನ್ನ ಹಿಂದೆ ಯಾರೋ ಹೆಜ್ಜೆ ಇಟ್ಟಂತಾಯಿತು. ದಫೇದಾರನ ಕೆಲಸವೇ ಅದು: ಮುಂದೆ ನಡೆಯುವುದು, ಹಿಂದೆ ಬರುವ ಜಡ್ಜರ ಹೆಜ್ಜೆಗೆ ಕಿವಿ ಇಟ್ಟಿರುವುದು. ಕೆಲಸ ಬಿಟ್ಟು ಹದಿನಾಲ್ಕು ವರ್ಷವಾದರೂ ಶೆಟ್ಟಿಹಳ್ಳಿಯ ಮನೆಯ ಅಂಗಳದಲ್ಲಿ ಒಮ್ಮೊಮ್ಮೆ ಆ ಹೆಜ್ಜೆ ಕೇಳುತ್ತಿತ್ತು. ಆದರೆ ಅವು ಬೂಟಿನ ಹೆಜ್ಜೆಗಳು. ಇಲ್ಲಿ ಕೇಳಿದ್ದು ಬರಿಗಾಲಿನದು. ಅವನು ತಿರುಗಿ ನೋಡಲಿಲ್ಲ.

"ಹಾಗಾದ್ರೆ ಇದರೊಳಗೆ ಇರೋದು ಯಾರು?" ಎಂದಳು ಮಾಲಿನಿ, ದನಿ ತಗ್ಗಿಸಿ.

ಗೋರಿ ಬಿಚ್ಚಿಸಬೇಕೆಂದರೆ ಮೇಲಿನವರ ಆರ್ಡರ್ ಬೇಕು, ಭಾನುವಾರ ಅದು ಆಗುವ ಮಾತಲ್ಲ ಎಂದು ಅವಳೇ ಹೇಳಿದಳು. ಕಲ್ಲು ಬಾಯಿ ಬಿಡುವುದಿಲ್ಲ, ಬಿಟ್ಟರೆ ಕಾಳಯ್ಯನೇ ಬಿಡಬೇಕು ಎಂದು ಅಡವಿಯಪ್ಪ ಜೀಪು ಹತ್ತಿದ.

*

ದಾರಿಯುದ್ದಕ್ಕೂ ಅವನು ಮೇಷ್ಟ್ರು ಬರೆದಿಟ್ಟಿದ್ದನ್ನು ಮನಸ್ಸಿನಲ್ಲೇ ಮಗುಚಿ ಹಾಕುತ್ತಿದ್ದ.

ಒಂಬತ್ತು ವರ್ಷ, ಒಂಬತ್ತು ನೋಟ್‌ಬುಕ್ಕು. ಅದರಲ್ಲಿ ಎಂಟನ್ನು ನಿನ್ನೆ ಸಂಜೆ ಗುಬ್ಬಿಯ ಮನೆಯಲ್ಲಿ ಮೇಷ್ಟ್ರ ಮಗಳು ಪ್ರಮೀಳಾ ಅವನಿಗೆ ಓದಿ ಹೇಳಿದ್ದಳು. ತಂದೆಯ ಮಣ್ಣಿನಿಂದ ಬಂದು ಮಿಂದ ಕೂದಲು ಇನ್ನೂ ಆರಿರಲಿಲ್ಲ. ಓದುತ್ತ ಓದುತ್ತ ಅವಳ ದನಿ ಎಲ್ಲೂ ನಡುಗಲಿಲ್ಲ. ಗಟ್ಟಿಗಿತ್ತಿ ಎಂದುಕೊಂಡಿದ್ದ ಅಡವಿಯಪ್ಪ.

ಎಡ್ಮಂಡ್ ಹಾರ್ಗ್ರೀವ್ ಎಂಬುದು ಆ ದೊರೆಯ ಹೆಸರು. ಜನರ ಬಾಯಲ್ಲಿ ಹರಗೀರಿ ದೊರೆ. ಮೈಸೂರು ಸೀಮೆ ಕಮಿಷನರ ಕೈಯಲ್ಲಿದ್ದ ಕಾಲದಲ್ಲಿ, ಮೀಸೆ ಸರಿಯಾಗಿ ಮೂಡದ ವಯಸ್ಸಿಗೆ ತುಮಕೂರಿಗೆ ಅಸಿಸ್ಟೆಂಟಾಗಿ ಬಂದ. ಬಂದ ವರ್ಷವೇ ಗುಬ್ಬಿಯ ಕೂಲಿಮಠದ ಜಗಲಿಯಲ್ಲಿ ಮಕ್ಕಳ ಸಾಲಿನಲ್ಲಿ ಕೂತು, ಮರಳ ಮೇಲೆ ಅಕ್ಷರ ತಿದ್ದಿ ಕನ್ನಡ ಕಲಿತ. ತಪ್ಪು ಬರೆದಾಗ ಮಕ್ಕಳ ಜೊತೆ ತಾನೂ ಕೈ ಒಡ್ಡುತ್ತಿದ್ದನಂತೆ. ದೊರೆಯ ಕೈಗೆ ಹೊಡೆಯಲಾರದೆ ಐಗಳು ನೆಲಕ್ಕೆ ಹೊಡೆಯುತ್ತಿದ್ದರಂತೆ.

ಎರಡು ಊರಿನವರು ಕೆರೆಯ ತೂಬಿಗಾಗಿ ತಲೆ ಒಡೆದುಕೊಂಡಾಗ ಏರಿಯ ಮೇಲೆ ಡೇರೆ ಹಾಕಿಸಿ ಮೂರು ದಿನ ಕೂತ. ಊರ ಗೌಡರನ್ನು ದೂರ ನಿಲ್ಲಿಸಿ, ನೀರು ಬಿಡುವ ನೀರುಗಂಟಿಯನ್ನು ಪಕ್ಕಕ್ಕೆ ಕರೆದು ಅವನ ಮಾತು ಕೇಳಿ ಸರದಿ ಕಟ್ಟಿದ. ಮಹಾ ಬರ ಬಂದಾಗ ಕುಣಿಗಲ್ ಸೀಮೆಯಲ್ಲಿ ಗಂಜಿಕೇಂದ್ರ ತೆರೆಸಿದ. ಗಂಜಿಗೆ ಬರಲಾರದೆ ದಾರಿಯಲ್ಲೇ ಕುಸಿದವರನ್ನು ಗಾಡಿಯಲ್ಲಿ ಹೇರಿಸಿ ತಂದ. ಬದುಕಿದ್ದವರನ್ನೂ ತಂದ, ಸತ್ತವರನ್ನೂ ತಂದ.

ಜಡ್ಜಾದ ಮೇಲೆ ಅವನದು ಒಂದೇ ನೇಮ. ತೀರ್ಪನ್ನು ಇಂಗ್ಲಿಷಿನಲ್ಲಿ ಬರೆದರೂ ಆರೋಪಿಯ ಕಣ್ಣು ನೋಡಿಕೊಂಡು ತಾನೇ ಕನ್ನಡದಲ್ಲಿ ಹೇಳುವುದು. ಬರ ಕಳೆದ ಮರುವರ್ಷ ಹಾಗೆ ಕಣ್ಣು ನೋಡಿಯೇ ಬಂಗ್ಲೆಪಾಳ್ಯದ ಪಟೇಲ ಸಿದ್ದಮಲ್ಲಪ್ಪನಿಗೆ ಗಲ್ಲು ಹೇಳಿದ. ಗಂಜಿ ರಾಗಿಯ ಉಗ್ರಾಣದ ಕಾವಲಿನವನನ್ನು ಕೊಂದನೆಂದು ಆರೋಪ. ಇದ್ದದ್ದು ಒಬ್ಬನೇ ಸಾಕ್ಷಿ. ಆ ಸಾಕ್ಷಿದಾರನ ಹೆಸರಿರಬೇಕಾದ ಕಡೆ ಮೇಷ್ಟ್ರು ಜಾಗ ಖಾಲಿ ಬಿಟ್ಟಿದ್ದರು.

ಪಟೇಲನನ್ನು ತುಮಕೂರಿನಲ್ಲಿ ಗಲ್ಲಿಗೇರಿಸಿದರು. ಆರು ತಿಂಗಳಿಗೆ ದೊರೆ ಕೆಲಸ ಬಿಟ್ಟ. ತನ್ನ ಇಂಗ್ಲೆಂಡಿಗೆ ಹಿಂತಿರುಗಲಿಲ್ಲ. ಯಾರನ್ನು ಗಲ್ಲಿಗೆ ಕಳಿಸಿದನೋ ಅವನ ಊರಿಗೇ ಬಂದು ಬಂಗಲೆ ಕಟ್ಟಿಸಿಕೊಂಡು, ಸಾಯುವವರೆಗೂ ಅಲ್ಲೇ ಇದ್ದ. ಕತ್ತಲಾದ ಮೇಲೆ ಬಂಗಲೆಯಿಂದ ತೋಟಕ್ಕೆ, ತೋಟದಿಂದ ಬಂಗಲೆಗೆ ನಡೆಯುತ್ತಿದ್ದನಂತೆ. ಅವನು ಸತ್ತ ಮೇಲೂ ಬಹಳ ದಿನ ಜನ ಆ ದಾರಿ ತುಳಿಯುತ್ತಿರಲಿಲ್ಲ.

ಎಂಟನೇ ನೋಟ್‌ಬುಕ್ಕು ಅಲ್ಲಿಗೆ ಮುಗಿಯುತ್ತಿತ್ತು. ಯಾಕೆ ಬಂದ ಎನ್ನುವುದು ಒಂಬತ್ತನೆಯದರಲ್ಲಿ ಇರಬೇಕು. ಅದನ್ನು ಅಪ್ಪ ಜೋಳಿಗೆಯಿಂದ ಕೆಳಗಿಡುತ್ತಲೇ ಇರಲಿಲ್ಲ ಎಂದಿದ್ದಳು ಪ್ರಮೀಳಾ. ಹೆಣದ ಹೆಗಲಲ್ಲಿ ಜೋಳಿಗೆ ಇತ್ತು, ಒಳಗೆ ನೋಟ್‌ಬುಕ್ಕು ಇರಲಿಲ್ಲ.

ಅಡವಿಯಪ್ಪನ ಅನುಮಾನವೆಲ್ಲ ಗಂಗಾಧರನ ಮೇಲಿತ್ತು. ದೊರೆಯ ಸ್ಮಾರಕ ಸಮಿತಿಯ ಅಧ್ಯಕ್ಷ. ಮುಂದಿನ ತಿಂಗಳು ಗೋರಿಯ ಮುಂದೆ ದೊರೆಯ ಪ್ರತಿಮೆ ನಿಲ್ಲಿಸುವವನು, ಕಾರ್ಡು ಹಂಚಿಯಾಗಿದ್ದವನು. ಗುರುವಾರ ಒಂದೇ ದಿನ ಮೇಷ್ಟ್ರಿಗೆ ನಾಲ್ಕು ಸಲ ಫೋನು ಮಾಡಿದ್ದ. ಗೋರಿಯಲ್ಲಿ ದೊರೆಯೇ ಇಲ್ಲ ಎಂಬ ಮಾತು ಪುಸ್ತಕವಾಗಿ ಹೊರಬಿದ್ದರೆ ಮೊದಲು ಉರುಳುವುದು ಅವನ ಪ್ರತಿಮೆ.

*

ಠಾಣೆಯ ಅಂಗಳದ ಹೊಂಗೆಮರದ ಕೆಳಗೆ ಕಾಳಯ್ಯನ ಹೆಂಡತಿ ಸುಬ್ಬಲಕ್ಷ್ಮಮ್ಮ ಬಟ್ಟೆಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎರಡು ಪಂಚೆ, ಒಂದು ಕಂಬಳಿ. ಜೈಲಿನಲ್ಲಿ ಚಳಿಯಿರುತ್ತದೆ ಎಂದು ಯಾರೋ ಹೇಳಿದ್ದರಂತೆ. ಪಕ್ಕದಲ್ಲಿ ಪ್ರಮೀಳಾ ನಿಂತು ಅವಳಿಗೆ ಲೋಟದಲ್ಲಿ ಕಾಫಿ ಹಿಡಿದಿದ್ದಳು. ಕೊಂದೆ ಎಂದವನ ಹೆಂಡತಿಗೆ ಸತ್ತವನ ಮಗಳು ಕಾಫಿ ಕೊಡುವುದನ್ನು ಪೇದೆಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಜೀಪು ಕಂಡು ಪ್ರಮೀಳಾ ಹತ್ತಿರ ಬಂದಳು. ಆ ಮುದುಕನಿಗೆ ಯಾರೂ ಹೊಡೆಯದ ಹಾಗೆ ನೋಡಿಕೊಳ್ಳಿ ದೊಡ್ಡಪ್ಪ, ಅಪ್ಪನಿಗೆ ಅದು ಸಹಿಸುತ್ತಿರಲಿಲ್ಲ ಎಂದಳು. ಗೋರಿ ನೋಡಿ ಬಂದಿರಾ, ಹೇಗಿದೆ ಎಂದು ಕೇಳಿದಳು. ತಾನು ಇವತ್ತಿನವರೆಗೂ ಆ ಕಡೆ ಕಾಲಿಟ್ಟವಳಲ್ಲ, ಅಪ್ಪ ಎಷ್ಟು ಕರೆದರೂ ತುಮಕೂರಿನ ಕಾಲೇಜು, ಪಾಠ ಎಂದು ಮುಂದೂಡುತ್ತ ಬಂದೆ ಎಂದು ನಿಟ್ಟುಸಿರು ಬಿಟ್ಟಳು.

ಸುಬ್ಬಲಕ್ಷ್ಮಮ್ಮ ಎದ್ದು ಬಂದು ಅಡವಿಯಪ್ಪನ ಎದುರು ನಿಂತಳು. ಕೈ ಮುಗಿಯಲಿಲ್ಲ, ಅಳಲಿಲ್ಲ.

"ಕೋಳಿ ಕುಯ್ಯೋಕೆ ಪಕ್ಕದ ಮನೆಯೋರ್ನ ಕರೆಯೋ ಗಂಡಸು ಅದು. ಏನು ಹೆದರ್ಕೊಂಡೈತೋ ಗೊತ್ತಿಲ್ಲ. ಗುರುವಾರದಿಂದ ನನ್ನ ಜೊತೆಗೂ ಮಾತಾಡಿಲ್ಲ. ನಾಳೆ ಅಲ್ಲಿ ಹೋಗಿ ಏನೂ ಅನ್ನದಂಗೆ ಮಾಡಿ ದಫೇದಾರ್ರೇ. ಅಷ್ಟು ಮಾಡಿ ಸಾಕು."

ಮಾಡುತ್ತೇನೆ ಎಂದ ಅಡವಿಯಪ್ಪ. ಅಂದ ಮೇಲೆ ಭಯವಾಯಿತು. ಇಡೀ ಸರ್ವಿಸಿನಲ್ಲಿ ಅವನು ಯಾರಿಗೂ ಹಾಗೆ ಮಾತು ಕೊಟ್ಟವನಲ್ಲ.

*

ಲಾಕಪ್ಪಿನಲ್ಲಿ ಕಾಳಯ್ಯ ಗೋಡೆಗೆ ಒರಗದೆ, ನೆಲದ ನಡುವೆ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಬೆಳಿಗ್ಗೆ ಕೊಟ್ಟ ಇಡ್ಲಿಯ ಪೊಟ್ಟಣ ಬಿಚ್ಚಿರಲಿಲ್ಲ. ಮೂಲೆಯಲ್ಲಿ ಒಂದು ಬಿಂದಿಗೆ ನೀರು, ಮೇಲೆ ಲೋಟ. ಮಾಲಿನಿ ಬಾಗಿಲು ತೆಗೆಸಿ, ಸರ್ಕಲ್ ಸಾಹೇಬರಿಗೆ ಫೋನು ಮಾಡಿ ಬರುತ್ತೇನೆ, ಅರ್ಧ ಗಂಟೆ ಎಂದು ಹೋದಳು. ಪೇದೆ ಮೊಗಸಾಲೆಯ ತುದಿಯಲ್ಲಿ ನಿಂತ.

ಅಡವಿಯಪ್ಪ ಎದುರಿಗೆ ಕೂತ. ಮಂಡಿ ಲಟಕ್ಕೆಂದಿತು.

"ಗೋರಿಗೆ ಮೊಳ ಹಾಕಿ ಬಂದೆ ಕಾಳಯ್ಯ."

ಕಾಳಯ್ಯ ತಲೆ ಎತ್ತಲಿಲ್ಲ. ಆದರೆ ತೊಡೆಯ ಮೇಲಿದ್ದ ಕೈ ಟವೆಲ್ಲಿನ ಸೆರಗಿನ ಗಂಟೊಂದನ್ನು ಹಿಡಿದುಕೊಂಡಿತು.

"ಒಳಗೆ ಮಲಗಿರೋರು ಯಾರೂ ಇಲ್ಲ. ಕೂತವ್ನೆ. ಪಟೇಲ ಸಿದ್ದಮಲ್ಲಪ್ಪ ಅಲ್ವಾ?"

ಹೊರಗೆ ಯಾವುದೋ ಬಸ್ಸು ಹಾರ್ನ್ ಹಾಕಿ ಯಡಿಯೂರಿನ ಕಡೆ ಹೋಯಿತು. ಆಮೇಲೆ ಕಾಳಯ್ಯ ಬಾಯಿ ತೆರೆದ. ದನಿ ಬಾವಿಯೊಳಗಿಂದ ಬಂದಂತಿತ್ತು.

"ನಮ್ಮ ಮನೇಲಿ ಹಿರೀಮಗ ದೀಪ ಹಿಡಿಯೋ ದಿನ ಕಿವೀಲಿ ಹೇಳೋ ಮಾತು ಅದು. ನನ್ನ ಹೆಂಡ್ತಿಗೂ ಗೊತ್ತಿಲ್ಲ."

ಒಂದು ಮಾತು ಬಿದ್ದ ಮೇಲೆ ಉಳಿದವು ತಾವಾಗಿ ಬಂದವು. ಆ ಒಬ್ಬನೇ ಸಾಕ್ಷಿ ಅವನ ಮುತ್ತಜ್ಜನ ಅಪ್ಪ, ಚಿಕ್ಕಬೋರಯ್ಯ. ಅವನು ಏನೂ ನೋಡಿರಲಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು ಹಸಿವಿಗೆ ಮಲಗಿದ್ದರು. ಕಾವಲಿನವನನ್ನು ನಿಜವಾಗಿ ಕೊಂದವರು ಮೂರು ಸೇರು ರಾಗಿ ಅಳೆದು, ಪಟೇಲನನ್ನು ಕಂಡೆ ಎಂದು ಹೇಳು ಎಂದಿದ್ದರು. ಹೇಳಿದ. ರಾಗಿ ಮುಗಿಯುವ ಮೊದಲೇ ಎರಡೂ ಮಕ್ಕಳು ಸತ್ತವು. ಪಟೇಲನನ್ನು ಗಲ್ಲಿಗೇರಿಸಿದ ಮೇಲೆ ತಡೆಯಲಾರದೆ, ತುಮಕೂರಿಗೆ ನಡೆದು ಹೋಗಿ ದೊರೆಯ ಕಾಲ ಮೇಲೆ ಬಿದ್ದ.

ದೊರೆ ಬೆಂಗಳೂರಿಗೆ ಬರೆದ. ಮುಗಿದ ಕೇಸನ್ನು ಕೆದಕಿದರೆ ಸರ್ಕಾರದ ಮಾನ ಹೋಗುತ್ತದೆ ಎಂದು ಉತ್ತರ ಬಂತು. ಎರಡನೇ ಕಾಗದ ಬರೆಯಲಿಲ್ಲ, ರಾಜೀನಾಮೆ ಬರೆದ. ಜೈಲಿನ ಅಂಗಳದಿಂದ ಪಟೇಲನ ಹೆಣವನ್ನು ತೆಗೆಸಿ, ಗಾಡಿಯಲ್ಲಿ ರಾತ್ರೋರಾತ್ರಿ ಅವನ ಊರಿಗೇ ತಂದು, ಒಬ್ಬ ಅಯ್ಯನವರನ್ನು ಕರೆಸಿ ಅವನ ಕುಲದ ಪ್ರಕಾರ ಕೂರಿಸಿದ. ಇದು ನಾನು ಸತ್ತಾಗ ನನಗೆ ಎಂದು ಕಟ್ಟಿಸಿದ ಗೋರಿ ಎಂದು ಊರಿಗೆ ಸಾರಿದ. ಗಲ್ಲಿಗೆ ಹೋದವನ ಗದ್ದುಗೆಗೆ ಯಾರೂ ಕೈ ಮುಗಿಯುವುದಿಲ್ಲ, ದೊರೆಯ ಗೋರಿಗೆ ಎಲ್ಲರೂ ಮುಗಿಯುತ್ತಾರೆ; ಅದಕ್ಕೆ. ಚಿಕ್ಕಬೋರಯ್ಯನಿಗೆ ಹೇಳಿದ್ದು ಒಂದೇ: ದಿನಾ ಸಂಜೆ ದೀಪ ಹಚ್ಚು, ಅದೇ ನಿನ್ನ ಜೈಲು. ತನ್ನನ್ನು ಮಾತ್ರ ಬೆಟ್ಟದ ಬುಡದಲ್ಲೆಲ್ಲೋ ಕಲ್ಲಿಲ್ಲದೆ ಹೂಳಿಸಿಕೊಂಡ. ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ.

ಸುತ್ತ ಏಳೂರಿನವರು ಆ ಕಲ್ಲು ಮುಟ್ಟಿ ಆಣೆ ಮಾಡುತ್ತ ಬಂದಿದ್ದಾರೆ. ಹರಗೀರಿ ದೊರೆಯ ಮುಂದೆ ಸುಳ್ಳು ನಡೆಯುವುದಿಲ್ಲ ಎಂಬ ನಂಬಿಕೆಯಿಂದ. ಒಳಗೆ ಕೂತು ಅವರ ಆಣೆಗಳನ್ನೆಲ್ಲ ಕೇಳಿಸಿಕೊಂಡವನು ಸುಳ್ಳು ಸಾಕ್ಷಿಗೆ ಕತ್ತು ಕೊಟ್ಟವನು.

ಆ ಆಣೆಗೆ ಮೂವರು ಬೇಕು. ಪ್ರಶ್ನೆ ಕೇಳುವವರು ಒಬ್ಬರು, ಆಣೆ ಇಡುವವರು ಒಬ್ಬರು, ಅದನ್ನು ಕೇಳಿಸಿಕೊಂಡು ಕಿವಿಯಾಗುವವರು ಒಬ್ಬರು. ಇಡುವವನೂ ಕಿವಿಯಾಗುವವನೂ ಒದ್ದೆ ಬಟ್ಟೆಯಲ್ಲಿರಬೇಕು. ಮೂರು ಸೋಮವಾರ ಕಳೆಯುವವರೆಗೆ ಮೂವರಲ್ಲಿ ಯಾರೂ ಕೇಳಿದವರ ಹೆಸರನ್ನು, ಅಲ್ಲಿ ಕಂಡದ್ದನ್ನು ಹೊರಗೆ ಆಡಬಾರದು. ಆಡಿದರೆ ಆಣೆ ಇಟ್ಟವನ ಮನೆ ಉಳಿಯುವುದಿಲ್ಲ. ಇಟ್ಟ ಆಣೆ ಸುಳ್ಳಾಗಿದ್ದರೆ ಕೇಡು ತಟ್ಟುವುದು ಸುಳ್ಳು ಹೇಳಿದವನಿಗಲ್ಲ, ಕಿವಿಯಾದವನಿಗೆ.

"ಅದ್ಯಾಕೆ ಹಂಗೆ?" ಎಂದ ಅಡವಿಯಪ್ಪ. ಬಾಲ್ಯದಿಂದ ಕೇಳಿದ್ದ ಕಟ್ಟಳೆ, ಯಾಕೆಂದು ಎಂದೂ ಯೋಚಿಸಿರಲಿಲ್ಲ.

"ಸುಳ್ಳು ಹೇಳ್ದೋನು ನಮ್ಮಜ್ಜ. ನಂಬಿ ಸುಟ್ಟುಹೋದೋನು ದೊರೆ. ಹೇಳ್ದೋನು ಬದುಕಿದ್ದು ನೋಡ್ಬೇಕು, ಅದಕ್ಕೇ ಹಂಗೆ."

ಈಗ ಅಡವಿಯಪ್ಪನಿಗೆ ಎಲ್ಲ ತಿಳಿಯಿತು. ಬಾಯಿಂದ ಕೊಂದೆ ಎಂದರೆ ಏನೆಂದು ತಿಳಿಯಿತು.

ಗುರುವಾರ ದೀಪದ ಹೊತ್ತಿಗೆ ಯಾರೋ ಕಾಳಯ್ಯನಿಂದ ಆಣೆ ಕೇಳಿದ್ದರು, ಯಾರೆಂದು ಅವನು ಹೇಳುವಂತಿರಲಿಲ್ಲ: ಈ ಗೋರಿ ಯಾರದು? ಮನೆಯ ಗುಟ್ಟು ಬಿಡಲಾರದೆ, ಒದ್ದೆ ಪಂಚೆಯಲ್ಲಿ ಕಲ್ಲು ಮುಟ್ಟಿ, ದೊರೆಯದೇ ಎಂದುಬಿಟ್ಟಿದ್ದ. ಕಿವಿಯಾಗಿ ನಿಂತವರು ಚನ್ನವೀರಯ್ಯ ಮೇಷ್ಟ್ರು. ಮಾರನೇ ಬೆಳಿಗ್ಗೆ ಹೆಣವಾಗಿದ್ದರು.

"ಮೇಷ್ಟ್ರ ತಲೆ ಒಡೆದಿದ್ದು ಆಣೆ ಅಲ್ಲ ಕಣಯ್ಯ, ಮನುಷ್ಯರ ಕೈ. ಕೇಳಿಲ್ಲಿ. ಪೀಠದ ಮೇಲೆ ಜಡ್ಜಿಲ್ಲದಾಗ ಕಟಕಟೇಲಿ ನಿಂತು ಏನು ಕೂಗಿದ್ರೂ ಅದು ಸಾಕ್ಷಿ ಆಗಲ್ಲ. ನೀನು ಆಣೆ ಇಟ್ಟಿದ್ದು ದೊರೆ ಹೆಸರಲ್ಲಿ. ಅಲ್ಲಿ ದೊರೇನೇ ಇಲ್ಲ. ಆಣೆ ಎಲ್ಲಿ ತಟ್ಟುತ್ತೆ?"

ಕಾಳಯ್ಯ ಮೊದಲ ಸಲ ಅವನ ಕಣ್ಣಿಗೆ ಕಣ್ಣು ಕೊಟ್ಟ.

"ದೊರೆ ಇಲ್ಲ, ದಿಟ. ಇರೋನು ಯಾರು ದಫೇದಾರ್ರೇ? ನಮ್ಮಜ್ಜ ಒಂದು ಸಲ ಸುಳ್ಳು ಹೇಳಿ ಅವನ್ನ ಕೊಂದ. ನಾನು ಅವನ ನೆತ್ತಿ ಮೇಲೆ ಕೈಯಿಟ್ಟು ಇನ್ನೊಂದು ಸಲ ಸುಳ್ಳು ಹೇಳ್ದೆ. ಜಡ್ಜು ಕ್ಷಮಿಸ್ಬೋದು. ಅವನು ಯಾಕೆ ಕ್ಷಮಿಸ್ತಾನೆ?"

ಅಡವಿಯಪ್ಪ ಎಷ್ಟೋ ವಕೀಲರ ವಾದ ಕೇಳಿದ್ದ, ಇಂಥದ್ದು ಕೇಳಿರಲಿಲ್ಲ. ಹೊರಗೆ ಬೆಳಕು ಕೆಂಪಗಾಗುತ್ತಿತ್ತು. ನಾಳೆ ಈ ಮನುಷ್ಯ ಮ್ಯಾಜಿಸ್ಟ್ರೇಟರು ಯೋಚಿಸಲು ಎಷ್ಟು ಹೊತ್ತು ಕೊಟ್ಟರೂ ಕೊಂದೆ ಎಂದೇ ಹೇಳುತ್ತಾನೆ. ಒಳಗೆ ಹೋಗುತ್ತಾನೆ. ನಿಜವಾಗಿ ಕೊಂದವರು ಹೊರಗೆ ಉಳಿಯುತ್ತಾರೆ. ರಾಮಾಂಜಿನಯ್ಯನ ಕಥೆಯೇ ಮತ್ತೆ.

"ಸುಳ್ಳಾಣೆ ಇಳಿಸೋಕೆ ದಾರಿ ಇಲ್ವಾ?" ಎಂದು ಕೊನೆಗೆ ಕೇಳಿದ.

ಇದೆ ಎಂದ ಕಾಳಯ್ಯ. ಅದರ ಮೇಲೆ ನಿಜದ ಆಣೆ ಇಡಬೇಕು. ಕೇಳಿದ್ದು ಯಾರು, ನಡೆದದ್ದು ಏನು, ಎಲ್ಲವನ್ನೂ ಬಿಡದೆ ಹೇಳಬೇಕು. ಹೇಳಿದರೆ ತಾನು ಮತ್ತೆ ದೀಪ ಮುಟ್ಟಬಹುದು, ನಾಳೆ ಕೊಂದೆ ಎನ್ನಬೇಕಾಗಿಲ್ಲ. ಪ್ರಶ್ನೆ ಅದೇ ಆದ್ದರಿಂದ ಕೇಳುವವರು ಮತ್ತೆ ಬೇಕಿಲ್ಲ, ಆದರೆ ಕಿವಿಯ ಜಾಗ ಖಾಲಿಯಾಗಿದೆ. ಕಿವಿಯಿಲ್ಲದೆ ಆಣೆಯಿಲ್ಲ.

ಅವನು ಟವೆಲ್ಲಿನ ಗಂಟು ಬಿಚ್ಚಿದ. ಒಂದು ಚಿಟಿಕೆ ಕೆಂಪು ಮಣ್ಣು. ಗೋರಿಯ ಬುಡದ್ದು.

"ಯಾರು ಆಗ್ತಾರೆ? ಮೇಷ್ಟ್ರು ಆಗಿ ಏನಾಯ್ತು ನೋಡಿದೀರಲ್ಲ."

ಅಡವಿಯಪ್ಪ ಆ ಮಣ್ಣನ್ನು ನೋಡುತ್ತ ಕೂತ. ಸಾವಿರಾರು ಜನರಿಗೆ, ದೇವರ ಮುಂದೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಿಸಿದವನು ಅವನು. ಒಂದು ಸಲವೂ ತಾನು ಹೇಳಿದವನಲ್ಲ. ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ನಗುತ್ತಿದ್ದ. ಈಗ ನಗು ಬರಲಿಲ್ಲ. ನಂಬದವನಾಗಿದ್ದರೆ ಕೇಳಿಕೊಂಡು ಹೊರಗೆ ಹೋಗಿ ಮಾಲಿನಿಗೆ ಹೇಳಿಬಿಡಬಹುದು. ಹೇಳಿದ್ದು ತಿಳಿದ ಗಳಿಗೆಯೇ ಈ ಮನುಷ್ಯ ಮತ್ತೆ ಕೊಂದೆ ಎನ್ನುತ್ತಾನೆ, ಈ ಸಲ ಹೆಂಡತಿಯನ್ನೂ ಕೊಂದೆ ಎಂದು ಎದೆ ಒಡೆದುಕೊಳ್ಳುತ್ತಾನೆ. ನಂಬಲಿ ಬಿಡಲಿ, ಕಿವಿಯಾದರೆ ಬಾಯಿ ಕಟ್ಟಿತು. ಮೂರು ಸೋಮವಾರ.

ಅಂಗಳದಲ್ಲಿ ಸುಬ್ಬಲಕ್ಷ್ಮಮ್ಮ ಕೆಮ್ಮಿದ್ದು ಕೇಳಿಸಿತು.

ಅವನು ಎದ್ದು ಬಿಂದಿಗೆ ಎತ್ತಿ ಅರ್ಧ ನೀರನ್ನು ಕಾಳಯ್ಯನ ತಲೆಗೆ ಸುರಿದ, ಉಳಿದದ್ದನ್ನು ತನ್ನ ತಲೆಗೆ ಸುರಿದುಕೊಂಡ. ಮೊಗಸಾಲೆಯ ಪೇದೆ ಇಣುಕಿ ನೋಡಿ, ಮುದುಕರಿಗೆ ಸೆಕೆಯೇನೋ ಎಂದುಕೊಂಡು ಮೊಬೈಲಿಗೆ ಮರಳಿದ. ಇಬ್ಬರೂ ಮಣ್ಣಿನ ಮೇಲೆ ಅಂಗೈ ಇಟ್ಟರು. ಕಾಳಯ್ಯ ಬಾಗಿ ಅವನ ಎಡಗಿವಿಗೆ ಬಾಯಿ ಹಚ್ಚಿದ.

ಅಡವಿಯಪ್ಪ ಗಂಗಾಧರನ ಹೆಸರಿಗೆ ಕಾದ.

"ಗೋರಿ ಪಟೇಲ ಸಿದ್ದಮಲ್ಲಪ್ಪಂದು. ಗುರುವಾರ ಸಂಜೆ ನಾನು ಸುಳ್ಳಾಣೆ ಇಟ್ಟೆ. ಕಿವಿಯಾಗಿದ್ದು ಮೇಷ್ಟ್ರು. ಆಣೆ ಕೇಳಿದ್ದು ಅವರ ಮಗಳು. ಹಸಿರು ಸೀರೆ ಉಟ್ಟಿದ್ರು, ಕಾರು ಬಂಗಲೆ ಹಿಂದೆ ನಿಲ್ಸಿದ್ರು. ನಾನು ದೀಪ ಹಚ್ಚಿ ಇಳಿದು ಬಂದೆ. ತಿರುಗಿ ನೋಡ್ದಾಗ ಅಪ್ಪ ಮಗಳು ಇಬ್ಬರೂ ಮೆಟ್ಲ ಮೇಲೆ ನಿಂತಿದ್ರು. ಮೇಷ್ಟ್ರ ಕೈಲಿ ಪುಸ್ತಕ ಇತ್ತು. ಇದು ಅಚ್ಚಾಗಬಾರ್ದು ಅಂತ ಆಯಮ್ಮ ಅದಕ್ಕೆ ಕೈ ಹಾಕಿದ್ರು. ನಾನು ಕಂಡಿದ್ದು ಇಷ್ಟು. ಇದು ದಿಟ."

ಕಾಳಯ್ಯ ಹಿಂದಕ್ಕೆ ಸರಿದು ಗೋಡೆಗೆ ಒರಗಿದ. ಬೆಳಗಿನಿಂದ ಮೊದಲ ಸಲ ಒರಗಿದ್ದ. ಕೈ ಚಾಚಿ ಇಡ್ಲಿಯ ಪೊಟ್ಟಣ ಎಳೆದುಕೊಂಡು ಬಿಚ್ಚತೊಡಗಿದ.

*

ಮಾಲಿನಿ ಮೊಗಸಾಲೆಯಲ್ಲೇ ಎದುರಾದಳು. ಅಡವಿಯಪ್ಪನ ಪಂಚೆಯಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಸಾಲಾಗಿ ಬಿದ್ದಿತ್ತು. ಇದೇನು ತಾತ, ಒಳಗೆ ಸ್ನಾನ ಮಾಡಿದ್ರಾ ಎಂದು ನಗುತ್ತ ಬಂದವಳು ಅವನ ಮುಖ ನೋಡಿ ನಗು ನಿಲ್ಲಿಸಿದಳು.

"ನಾಳೆ ಅವನು ಕೊಂದೆ ಅನ್ನಲ್ಲ," ಎಂದ ಅಡವಿಯಪ್ಪ.

"ಮತ್ತೆ ಯಾರಂತೆ?"

ಅವನು ಪಂಚೆಯ ಅಂಚು ಹಿಂಡಿದ. ಅವಳು ಇನ್ನೊಮ್ಮೆ ಕೇಳಿದಳು, ಈ ಸಲ ಮೊಮ್ಮಗಳ ದನಿಯಲ್ಲಲ್ಲ, ಸಬ್ ಇನ್ಸ್‌ಪೆಕ್ಟರ ದನಿಯಲ್ಲಿ. ಅವನ ನಾಲಿಗೆಯ ತುದಿಗೆ ಹೆಸರು ಬಂದು ಕೂತಿತ್ತು. ಅಂಗಳದಲ್ಲಿ ಸುಬ್ಬಲಕ್ಷ್ಮಮ್ಮ ಬಟ್ಟೆಗಂಟು ಹಿಡಿದು ಎದ್ದು ನಿಂತು ಇತ್ತಲೇ ನೋಡುತ್ತಿದ್ದಳು. ಅವಳ ಹಿಂದೆ ಪ್ರಮೀಳಾ.

ಪ್ರಮೀಳಾ ಅವನ ಮುಖ ನೋಡಲಿಲ್ಲ. ಅವನ ಒದ್ದೆ ಅಂಗಿ ನೋಡಿದಳು, ಒದ್ದೆ ಪಂಚೆ ನೋಡಿದಳು, ಅಂಗೈಗೆ ಮೆತ್ತಿದ್ದ ಕೆಂಪು ಮಣ್ಣು ನೋಡಿದಳು. ಆಮೇಲೆ ಹೆಗಲ ಮೇಲಿನ ಶಾಲು ತೆಗೆದು, ಹತ್ತಿರ ಬಂದು ಅವನಿಗೆ ಹೊದಿಸಿದಳು.

"ಒದ್ದೇಲಿ ಬಸ್ಸಿಗೆ ಕಾಯ್ಬೇಡಿ ದೊಡ್ಡಪ್ಪ. ನಾನೂ ತುಮಕೂರಿಗೇ ಹೋಗ್ತಿರೋದು. ಶೆಟ್ಟಿಹಳ್ಳೀಲಿ ಇಳಿಸಿ ಹೋಗ್ತೀನಿ, ಬನ್ನಿ."

ಒಳ್ಳೇದಾಯಿತು, ಹೋಗಿ ತಾತ, ಬೆಳಿಗ್ಗೆ ಫೋನು ಮಾಡುತ್ತೇನೆ ಎಂದು ಮಾಲಿನಿ ಮುನಿಸಿನಿಂದಲೇ ಒಳಗೆ ತಿರುಗಿದಳು. ಬೇಡವೆಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದರೆ ಹೇಳಬೇಕಾಗುತ್ತದೆ. ಅದೂ ಅಲ್ಲದೆ, ಒಂಬತ್ತನೇ ನೋಟ್‌ಬುಕ್ಕು ಈ ಲೋಕದಲ್ಲಿ ಇನ್ನೂ ಉಳಿದಿದ್ದರೆ ಅದರ ದಾರಿ ತಿಳಿದವಳು ಇವಳೊಬ್ಬಳೇ. ಅಡವಿಯಪ್ಪ ಕಾರು ಹತ್ತಿದ.

ಪ್ರಮೀಳಾ ಬೆಲ್ಟು ಎಳೆದು ಅವನಿಗೆ ತಾನೇ ಹಾಕಿದಳು. ಠಾಣೆಯ ಗೇಟು ದಾಟಿದ ಮೇಲೆ, ಎಂಟು ನೋಟ್‌ಬುಕ್ಕು ಓದಿದ ಅದೇ ನಡುಗದ ದನಿಯಲ್ಲಿ ಕೇಳಿದಳು.

"ಕಿವಿಯಾದೋರು ಮೂರು ಸೋಮವಾರ ಮಾತಾಡೋ ಹಾಗಿಲ್ಲ, ಅಲ್ವಾ ದೊಡ್ಡಪ್ಪ?"

ತುಮಕೂರಿಗೆ ಎಡಕ್ಕೆ ತಿರುಗಬೇಕು. ಅವಳು ಬಲಕ್ಕೆ ತಿರುಗಿಸಿದಳು, ಗೋರಿಯಿದ್ದ ಹುತ್ರಿದುರ್ಗದ ಕಡೆಗೆ.